ಮರ್ದಾನಸಾಬನ ಮೈಕು ಬಂದಾದ ಸಂಜೆ

ಮರ್ದಾನಸಾಬ ನದಾಫ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಾದಿ ಹೊಲಿಯುತ್ತಾನೆ. ಅವನ ಅಪ್ಪ ಬಿಲ್ಲು ಹೊತ್ತು ಊರೂರು ತಿರುಗಿ ಅರಳೆ ಹಿಂಜುತ್ತಿದ್ದ. ಇವನ ಕಾಲಕ್ಕೆ ಹಿಂಜುವ ಮಷೀನು ಬಂತು. ಅದು ಗುಡುಗುಡಿಸುತ್ತಿರುವಾಗ ಗಿರಾಕಿಯ ಹತ್ತಿರ ಮಾತಾಡಬೇಕೆಂದರೆ ಕೂಗಿಯೇ ಆಡಬೇಕು. ಹಾಗೆ ಕೂಗಿ ಕೂಗಿ ಅವನ ಗಂಟಲು ಪಳಗಿತೋ, ಹುಟ್ಟುತ್ತಲೇ ಹಾಗಿತ್ತೋ, ಅಂತೂ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಕಬಡ್ಡಿ ಪಂದ್ಯಾವಳಿ ನಡೆದರೆ ಕಾಮೆಂಟ್ರಿಗೆ ಮರ್ದಾನಸಾಬನೇ ಆಗಬೇಕು. ಶಿರಹಟ್ಟಿಯವರು ಕರೆಯುತ್ತಾರೆ, ಮುಂಡರಗಿಯವರು ಕರೆಯುತ್ತಾರೆ, ಹೊಂಬಳದವರು ಟ್ರ್ಯಾಕ್ಸ್ ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರೆ.

ಅವನು ಮೈಕು ಹಿಡಿದದ್ದು ಆಕಸ್ಮಿಕ. ಮದುವೆಯಾದ ಹೊಸತರಲ್ಲಿ, ಪರವೂರಿನ ಆಟಗಾರರು ಮಲಗಲೆಂದು ಬಾಡಿಗೆ ಗಾದಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಹೈಸ್ಕೂಲ್ ಮೈದಾನಕ್ಕೆ ಹೋಗಿದ್ದ. ಗೇಟಿಗೆ ಅಡ್ಡವಾಗಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ಮಾಲೀಕ ಮಂದಿಯೊಳಗೆ ಎಲ್ಲೋ ಕುಳಿತು ಆಟ ನೋಡುತ್ತಿದ್ದ. ಮರ್ದಾನಸಾಬ ಸೀದಾ ಮೇಜಿನ ಹತ್ತಿರ ಹೋಗಿ ಮೈಕು ಎತ್ತಿಕೊಂಡು, "ಗೇಟಿಗೆ ಅಡ್ಡ ಟ್ರ್ಯಾಕ್ಟರ್ ಕಟ್ಟಿ ಬಂದಿರೋ ಯಜಮಾನ್ರ, ಅದಕ್ಕ ಹುಲ್ಲು ನೀರು ಹಾಕೋ ವ್ಯಾಳೆ ಆಗೈತಿ, ಜರಾ ಬಂದು ಹೊಡಕೊಂಡು ಹೋಗ್ರಿ" ಅಂದ. ಮೈದಾನವೆಲ್ಲ ನಕ್ಕಿತು. ಟ್ರ್ಯಾಕ್ಟರಿನವನೂ ನಗುತ್ತಲೇ ಎದ್ದು ಬಂದ. ಕಾಮೆಂಟ್ರಿ ಹೇಳುತ್ತಿದ್ದ ಮಾಸ್ತರರಿಗೆ ಆ ದಿನ ನೆಗಡಿಯಾಗಿ ದನಿ ಕಟ್ಟಿತ್ತು. "ಇಲ್ಲೇ ಕುಂಡ್ರಪಾ, ಇದೊಂದು ಮ್ಯಾಚ್ ನೀನ ಹೇಳು" ಎಂದು ಅವರೇ ಕುರ್ಚಿ ಬಿಟ್ಟುಕೊಟ್ಟರು. ಆ ಕುರ್ಚಿ ಮತ್ತೆ ಅವರ ಪಾಲಿಗೆ ಬರಲಿಲ್ಲ.

ಅವನ ಮಾತಿನ ರೀತಿಯೇ ಬೇರೆ. ಸೊರಟೂರಿನ ರೇಡರ್ ಅವನ ಬಾಯಲ್ಲಿ ಗೂಳಿಯಾಗುತ್ತಿದ್ದ. ಶಿರಹಟ್ಟಿಯ ಕ್ಯಾಚರ್ ಮೊಸಳೆಯಾಗುತ್ತಿದ್ದ. ಯಾರಾದರೂ ಗೆರೆ ದಾಟಿ ಜಿಗಿದರೆ, "ಹಾರಿದ ನೋಡ್ರಿ, ತೆಂಗಿನ ಗಿಡದ ಎತ್ತರ ಹಾರಿದ!" ಎನ್ನುತ್ತಿದ್ದ. ಎದುರಿಗೇ ಕುಳಿತು ನೋಡುವ ಜನಕ್ಕೆ ಅದು ತೆಂಗಿನ ಎತ್ತರವಲ್ಲವೆಂದು ಗೊತ್ತು. ಆದರೂ ಅವರು ಶಿಳ್ಳೆ ಹೊಡೆಯುತ್ತಿದ್ದರು. ಆಟದ ಜೊತೆಗೆ ಅವನ ಮಾತೂ ಒಂದು ಆಟ ಎಂದು ಅವರಿಗೆ ತಿಳಿದಿತ್ತು.

ಆ ಮಾತನ್ನು ಕೇಳಿಯೂ ಆಟ ನೋಡದವಳು ಒಬ್ಬಳಿದ್ದಳು, ಅವನ ಹೆಂಡತಿ ಗೌಸಬಿ. ಕಬಡ್ಡಿ ಮೈದಾನಕ್ಕೆ ಹೆಂಗಸರು ಹೋಗುವ ರೂಢಿ ಇರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಕೂಡಲು ಜಾಗವನ್ನೂ ಯಾರೂ ಮಾಡಿರಲಿಲ್ಲ. ಪಂದ್ಯಾವಳಿಯ ದಿನಗಳಲ್ಲಿ ಗೌಸಬಿ ಸಂಜೆಯ ರೊಟ್ಟಿ ಜಲ್ದಿ ಮುಗಿಸಿ ಮಾಳಿಗೆ ಹತ್ತುತ್ತಿದ್ದಳು. ಗಾದಿಗೆ ಹಾಕುವ ಖೋಳುಗಳನ್ನು ಹೊಲಿಯುತ್ತ ಕುಳಿತರೆ ಹೈಸ್ಕೂಲ್ ಕಡೆಯ ಧ್ವನಿವರ್ಧಕ ಸ್ವಚ್ಛ ಕೇಳುತ್ತಿತ್ತು. ಗೂಳಿ, ಮೊಸಳೆ, ಹಾರಿದವರು, ಬಿದ್ದವರು ಎಲ್ಲರೂ ಅವಳಿಗೆ ಪರಿಚಿತರು. ಗಂಡ ಮನೆಗೆ ಬಂದು ಉಣ್ಣಲು ಕೂತಾಗ, "ಗೂಳಿನ್ನ ಕಡೀಗೆ ಹಿಡದಬಿಟ್ರಲ್ರಿ, ಪಾಪ" ಎಂದು ಅವನಿಗೇ ಹೇಳುತ್ತಿದ್ದಳು.

ಈ ಸಲ ಪಂದ್ಯಾವಳಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಕಮಿಟಿಯ ಕಾರ್ಯದರ್ಶಿ ನಂದೀಶ, ಬೀಜ ಗೊಬ್ಬರದ ಅಂಗಡಿಯವನು, ಗದಗಿನಲ್ಲಿ ಯಾರದೋ ಮೊಬೈಲಿನಲ್ಲಿ ಡ್ರೋನ್ ಶೋ ನೋಡಿ ಬಂದಿದ್ದ. ದೊಡ್ಡ ದೊಡ್ಡ ಕ್ರಿಕೆಟ್ ಪಂದ್ಯಗಳಲ್ಲಿ ನೂರಾರು ಡ್ರೋನ್ ದೀಪ ಹಚ್ಚಿಕೊಂಡು ಏರಿ, ಆಕಾಶದಲ್ಲಿ ಬ್ಯಾಟು ಬಾಲು ಬರೆಯುತ್ತವೆ. ನಮ್ಮೂರಾಗೂ ಒಂದು ಆಗಲಿ ಎಂದು ಅವನು ಪಟ್ಟು ಹಿಡಿದ. ದಾನಿಯೊಬ್ಬರು ಖರ್ಚು ವಹಿಸಿಕೊಂಡರು. ಫೈನಲಿನ ಸಂಜೆ, ಸೆಮಿಫೈನಲ್ಲಿಗೂ ಫೈನಲ್ಲಿಗೂ ನಡುವೆ ಶೋ ಎಂದು ನಿಶ್ಚಯವಾಯಿತು. ಸುದ್ದಿ ಊರೆಲ್ಲ ಹಬ್ಬಿ, ಮನೆಮಂದಿಯೆಲ್ಲ ಬರುತ್ತಾರೆಂದು ಅಂದಾಜಾದ ಮೇಲೆ ಕಮಿಟಿಯವರು ಮೈದಾನದ ಪಕ್ಕದ ಬದಿಗೆ ಬಿದಿರು ಕಟ್ಟಿ, ಹಲಗೆ ಹಾಸಿ, ಹೆಂಗಸರ ಗ್ಯಾಲರಿ ಮಾಡಿಸಿದರು.

ಮುಂಚಿನ ದಿನ ಕಂಪನಿಯಿಂದ ವಾಣಿಶ್ರೀ ಎಂಬ ಹುಡುಗಿ ಬಂದಳು. ದಾವಣಗೆರೆ ಕಡೆಯವಳು, ಶೋ ಪೂರ್ತಿ ಅವಳ ಜವಾಬ್ದಾರಿ. ಮೈದಾನದ ಹಿಂದಿನ ಶೇಂಗಾ ಕಿತ್ತ ಹೊಲವನ್ನು ನೋಡಿ, ಡ್ರೋನ್ ಸಾಲಾಗಿ ಇಡಲು ಇದೇ ಸರಿ ಎಂದಳು. ನಂದೀಶ ಅವಳನ್ನು ಮೈಕಿನ ಮೇಜಿನ ಹತ್ತಿರ ಕರೆತಂದು, "ಇವರ ನೋಡ್ರಿ ಮೇಡಮ್, ನಮ್ಮ ಮರ್ದಾನ ಕಾಕಾ. ಡ್ರೋನ್ ಹಾರೂವಾಗ ಇವರು ಮಾತಾಡಿದ್ರ ಮಂದಿ ಹುಚ್ಚೆದ್ದು ಹೊಕ್ಕಾರ" ಅಂದ.

ವಾಣಿಶ್ರೀ ಸ್ವಲ್ಪ ಅಳುಕಿದಳು. "ಸರ್, ತಪ್ಪು ತಿಳ್ಕೋಬೇಡಿ. ಶೋಗೆ ಅಂತಲೇ ಸಂಗೀತ, ಮಾತು ಎಲ್ಲ ಮೊದಲೇ ರೆಕಾರ್ಡ್ ಆಗಿದೆ. ಡ್ರೋನು ಅದರ ತಾಳಕ್ಕೇ ಹಾರೋದು. ಮಧ್ಯ ಬೇರೆ ಯಾರೂ ಮಾತಾಡೋ ಹಾಗಿಲ್ಲ. ಆ ಹತ್ತು ನಿಮಿಷ ಮೈಕ್ ಬಂದ್ ಇರಬೇಕು."

"ಆತು ಬಿಡ್ರಿ" ಎಂದ ಮರ್ದಾನಸಾಬ. ದನಿ ಸಣ್ಣದಾಗಿತ್ತು. ಅದನ್ನು ಗಮನಿಸಿಯೋ ಏನೋ, ವಾಣಿಶ್ರೀ ತನ್ನ ಮೊಬೈಲು ತೆಗೆದು ನಾಳೆ ಬರುವ ಚಿತ್ರಗಳನ್ನೆಲ್ಲ ಒಂದೊಂದಾಗಿ ತೋರಿಸಿದಳು. ಜೋಳದ ತೆನೆ, ಗೆದ್ದವರಿಗೆ ಕೊಡುವ ಕಪ್ಪು, ಆಮೇಲೆ ದಾಳಿಗೆ ಹೊರಟ ಕಬಡ್ಡಿ ಆಟಗಾರ. ಅವನು ತಲೆಯಾಡಿಸಿದ. ಚಂದ ಇದ್ದವು. ಅದೇ ಅವನಿಗೆ ಇನ್ನಷ್ಟು ಬೇಸರ ತಂದಿತು.

ಮನೆಗೆ ಬಂದವನು ಮಷೀನು ಹಚ್ಚಿ, ಯಾರೂ ಅವಸರ ಮಾಡದ ಅರಳೆಯನ್ನು ಹಿಂಜತೊಡಗಿದ. ರೆಪ್ಪೆಯ ಮೇಲೆಲ್ಲ ಬಿಳಿ ಎಳೆ ಕೂತವು. ಗೌಸಬಿ ಚಹಾ ತಂದು, ತಾನೇ ಮಷೀನಿನ ಬಟನ್ ಒತ್ತಿ ನಿಲ್ಲಿಸಿದಳು.

"ಏನಾತ್ರಿ?"

"ನಾಳಿ ಡ್ರೋನ್ ಹಾರೂವಾಗ ನಾ ಬಾಯಿ ಮುಚಗೊಂಡು ಕುಂಡ್ರಬೇಕಂತ. ಮಾತು ಅವರ ತಂದಾರಂತ, ಡಬ್ಬ್ಯಾಗ ತುಂಬಿಕೊಂಡು."

"ಹತ್ತು ಮಿನಿಟು ಸುಮ್ಕ ಕುಂತ್ರ ಗಂಟಲಕ್ಕರೆ ಆರಾಮ ಸಿಗತೈತಿ."

"ನಿನಗ ತಿಳಿಯೂದಿಲ್ಲ ಬಿಡು."

ಗೌಸಬಿ ಬಸಿಯಲ್ಲಿ ಚಹಾ ಸುರಿದು ಅವನ ಮುಂದೆ ಇಟ್ಟಳು. ಆಮೇಲೆ, ಸಂತೆಗೆ ಹೋಗುವ ಮಾತಿನಷ್ಟೇ ಸಹಜವಾಗಿ ಹೇಳಿದಳು: "ನಾಳಿ ನಾನೂ ಬರಾಕತ್ತೇನಿ. ಓಣ್ಯಾಗಿನ ಹೆಂಗಸರೆಲ್ಲಾ ಹೊಂಟಾರ. ನಮ್ಮ ರತ್ನವ್ವ ಆಗಲೇ ಜಾಗಾ ಹಿಡ್ಯಾಕ ಚಾಪಿ ಕಳಿಸಿಕೊಟ್ಟಾಳ."

ಮರ್ದಾನಸಾಬ ಬಸಿ ಎತ್ತಿದವನು ಹಾಗೆಯೇ ನೋಡಿದ. "ನೀ ಬಂದು ಏನ್ ಮಾಡ್ತಿ?"

"ಆಟ ನೋಡ್ತೀನಿ. ಮತ್ತೇನ್ ಮಾಡ್ತಾರ ಅಲ್ಲಿ?"

ಇಷ್ಟು ವರ್ಷ ಅವಳನ್ನು ಒಂದು ಸಲವೂ ಬಾ ಎಂದು ಕರೆದಿಲ್ಲ ಎಂಬುದು ಆಗ ಅವನ ಲಕ್ಷ್ಯಕ್ಕೆ ಬಂತು.

ಮರುದಿನ ಸಂಜೆ ಮೈದಾನ ತುಂಬಿ ತುಳುಕಿತು. ಹೆಂಗಸರ ಗ್ಯಾಲರಿಯಂತೂ ಹೊತ್ತು ಮುಳುಗುವ ಮೊದಲೇ ಭರ್ತಿಯಾಗಿತ್ತು. ಮಕ್ಕಳಿಗೆ ಸ್ವೆಟರು ತೊಡಿಸಿಕೊಂಡು, ಚುರುಮುರಿ ಕಟ್ಟಿಕೊಂಡು ಬಂದಿದ್ದರು. ಮರ್ದಾನಸಾಬ ಮೇಜಿನಿಂದ ಕಣ್ಣು ಹಾಯಿಸಿದ. ಮುಂದಿನ ಹಲಗೆಯ ತುದಿಯಲ್ಲಿ, ನೇಕಾರರ ಊರು ಬೆಟಗೇರಿಯಿಂದ ಮದುವೆಯಾಗಿ ಬಂದ ನೆರೆಮನೆಯ ರತ್ನವ್ವನ ಪಕ್ಕದಲ್ಲಿ, ಗೌಸಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಕುಳಿತಿದ್ದಳು. ಅವಳು ಕುಳಿತಿದ್ದಾಳೆಂದೇ ಅವನು ಆ ಸೆಮಿಫೈನಲ್ಲಿಗೆ ಎಂದೂ ಇಲ್ಲದ ಬಣ್ಣ ಹಚ್ಚಿದ. ಸೊರಟೂರಿನ ಗೂಳಿ ಗುಟುರು ಹಾಕಿತು, ನೆಲ ಕೆದರಿತು, ಕೋಡಿನಿಂದ ಎತ್ತಿ ಎತ್ತಿ ಒಗೆಯಿತು. ಕೊನೆಯ ರೇಡಿನಲ್ಲಿ ಆ ಹುಡುಗ ಗೆರೆ ಮುಟ್ಟಿದಾಗ, "ತೆಂಗಿನ ಗಿಡ ಬಿಡ್ರಿ, ಇವತ್ತ ಮೊಬೈಲ್ ಟಾವರ್ ದಾಟಿ ಹಾರಿದ!" ಎಂದು ಮರ್ದಾನಸಾಬ ಕೂಗಿದ. ಗಂಡಸರ ಕಡೆ ಶಿಳ್ಳೆ ಎದ್ದಿತು.

ಪಂದ್ಯ ಮುಗಿದ ಕೂಡಲೇ ಅವನು ನೀರು ಕುಡಿಯುವ ನೆವದಿಂದ ಎದ್ದು ಹೆಂಗಸರ ಗ್ಯಾಲರಿಯ ಹಗ್ಗದ ಹತ್ತಿರ ಹೋದ.

"ಹೆಂಗಾತು?"

"ಚೊಲೊ ಆತ್ರಿ" ಎಂದಳು ಗೌಸಬಿ. ಮ್ಯಾಟಿನ ಕಡೆ ಕತ್ತು ಚಾಚಿದಳು. ಆಮೇಲೆ ಕೇಳಿದಳು: "ಅವ ಗೂಳಿ ಅನ್ನಾಂವ ಯಾರು?"

ಮರ್ದಾನಸಾಬ ಬೆರಳು ಮಾಡಿದ. ಮ್ಯಾಟಿನ ಅಂಚಿನಲ್ಲಿ ಒಬ್ಬ ತೆಳ್ಳಗಿನ ಹುಡುಗ ಮೊಣಕಾಲಿಗೆ ಐಸು ಒತ್ತಿ ಹಿಡಿದು ಕೂತಿದ್ದ.

"ಅವನಾ?" ಗೌಸಬಿ ಬಗ್ಗಿ ನೋಡಿದಳು. "ಅವನ ಕಾಲು ಸಜ್ಜಿ ದಂಟು ಇದ್ದಂಗ ಅದಾವಲ್ರಿ!"

"ಅದೆಲ್ಲಾ ಆಟದ ಮಾತು."

"ಟಾವರ್ ದಾಟಿ ಹಾರಿದ ಅಂದ್ರಿ. ಅವ ಹಾರಲಿಲ್ಲ. ಕಾಲು ಜಾರಿ ಮಕಾಡೆ ಬಿದ್ದ. ಮೂಗು ಕೆತ್ತಿತು. ಹಂಗ ತೆವಳಿ ತೆವಳಿ ಬೆರಳಿನ ತುದಿ ಅಷ್ಟ ಗೆರಿಗೆ ಮುಟ್ಟಿಸಿದ. ನಾ ನೋಡೀನಿ."

"ಖರೆ. ಆದ್ರ ಹಂಗ ಹೇಳಿದ್ರ ಮಂದಿಗೆ ಏನ್ ಮಜಾ?"

"ನನಗ ಅದ ಮಜಾ ಅನಸ್ತು" ಎಂದಳು ಗೌಸಬಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟ್ ವರ್ಷ ಮಾಳಿಗಿ ಮ್ಯಾಲೆ ಕುಂತು ಕೇಳಿದ್ದೆಲ್ಲಾ ಹಿಂಗನ ಏನ್ರಿ? ನಾ ಒಂದು ಸಲನೂ ಖರೆ ಆಟ ಕೇಳಲೇ ಇಲ್ಲ ಹಂಗಾರ."

ರತ್ನವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮರ್ದಾನಸಾಬನಿಗೆ ನಗು ಬರಲಿಲ್ಲ. ಮೈದಾನದಲ್ಲಿ ಕೂತವರಿಗೆ ಅವನ ಮಾತು ಒಗ್ಗರಣೆ, ಅನ್ನ ಅವರ ಕಣ್ಣೆದುರಿಗೇ ಇರುತ್ತಿತ್ತು. ಮಾಳಿಗೆಯ ಮೇಲೆ ಕೂತವಳಿಗೆ ಅವನ ಮಾತೇ ಎಲ್ಲ. ಇದನ್ನು ಅವನು ಎಂದೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ವಾಣಿಶ್ರೀ ಹೊಲದ ಕಡೆಯಿಂದ ದಾಪುಗಾಲು ಹಾಕುತ್ತ ಬಂದಳು. ಹೊತ್ತು ಮುಳುಗಿದ ಮೇಲೆ ಮೂಡಗಾಳಿ ಜೋರಾಗಿತ್ತು. "ಸರ್, ಮೇಲೆ ಗಾಳಿ ಜಾಸ್ತಿ ಇದೆ. ಈಗ ಹಾರಿಸಿದರೆ ಒಂದಕ್ಕೊಂದು ಬಡಿತಾವೆ. ಇಳಿಯೋವರೆಗೂ ಕಾಯಬೇಕು. ಜನಕ್ಕೆ ನೀವೇ ಏನಾದರೂ ಹೇಳ್ತೀರಾ?"

ಮರ್ದಾನಸಾಬ ಮೇಜಿಗೆ ಹೋಗಿ ಮೈಕು ಹಿಡಿದ. ಬೇರೆ ದಿನವಾಗಿದ್ದರೆ ವಾಯುದೇವನನ್ನೇ ಕಬಡ್ಡಿಗೆ ಇಳಿಸುತ್ತಿದ್ದ. ಈಗ ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಗಾಳಿ ಭಾಳ ಐತ್ರೆಪಾ. ಡ್ರೋನ್ ಹಗರ ಅದಾವು, ಈ ಗಾಳ್ಯಾಗ ಬಿಟ್ರ ಬೀಳ್ತಾವು. ಗಾಳಿ ಇಳದ ಮ್ಯಾಲೆ ಬಿಡ್ತಾರ. ಯಾವಾಗ ಇಳಿತೈತಿ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಚಾ ಕುಡಕೊಂಡು ಕುಂಡ್ರಿ" ಎಂದ. ಜನ ಗೊಣಗಲಿಲ್ಲ. ಒಂದಿಷ್ಟು ಮಂದಿ ಚಹಾದ ಗಾಡಿಯ ಕಡೆ ಹೋದರು, ಉಳಿದವರು ತಲೆಗೆ ಟವಲು ಸುತ್ತಿಕೊಂಡು ಕೂತರು.

ಗಾಳಿ ಇಳಿದಾಗ ಮಕ್ಕಳು ಅರ್ಧ ನಿದ್ದೆಯಲ್ಲಿದ್ದರು. ನಂದೀಶ ಓಡಿ ಬಂದು, "ಕಾಕಾ, ಇನ್ನ ಮೈಕ್ ಬಂದ್ ಮಾಡ್ರಿ" ಎಂದ. ಮರ್ದಾನಸಾಬ ಬಟನ್ ಒತ್ತಿ ಕೈ ಒರೆಸಿಕೊಂಡ. ಮೈದಾನದ ದೊಡ್ಡ ದೀಪಗಳು ಒಂದೊಂದೇ ಆರಿದವು. ಕೈಯಲ್ಲಿ ಮೈಕು ಇಲ್ಲದೆ ಆ ಮೇಜಿನ ಮುಂದೆ ಕೂರುವುದು ಅವನಿಗೆ ಮುಜುಗರವೆನಿಸಿತು. ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದಂತೆ ನಡೆದು, ಹೆಂಗಸರ ಗ್ಯಾಲರಿಯ ಹಗ್ಗದ ಈಚೆಗೆ ಹುಲ್ಲಿನ ಮೇಲೆ ಕುಳಿತ. ಹಗ್ಗದ ಆಚೆ ಗೌಸಬಿ ಇದ್ದಳು.

ಹಿಂದಿನ ಹೊಲದಿಂದ ಜೇನು ಎದ್ದಂಥ ಸದ್ದು ಬಂತು. ಕೆಂಪು, ಹಸಿರು, ನೀಲಿ ಚುಕ್ಕೆಗಳು ಸಾಲುಸಾಲಾಗಿ ಮೇಲೇರಿದವು. ಸಂಗೀತದ ಜೊತೆ ಯಾರೋ ಗಂಭೀರ ದನಿಯವರು ಮಾತಾಡತೊಡಗಿದರು. ಎದುರಿನ ಅತಿಥಿಗಳ ಸಾಲಿನಿಂದ "ಓಹೋ" ಎಂಬ ಉದ್ಗಾರ ಎದ್ದು ಚಪ್ಪಾಳೆಯಾಯಿತು.

ಹೆಂಗಸರ ಕಡೆ ಮಾತ್ರ ಚಪ್ಪಾಳೆ ಬರಲಿಲ್ಲ. ಅವರು ಕತ್ತು ಓರೆ ಮಾಡಿ ನೋಡುತ್ತಿದ್ದರು.

"ಏನ್ರಿ ಅದು?" ಎಂದಳು ಗೌಸಬಿ.

ಮರ್ದಾನಸಾಬ ನೋಡಿದ. ಮೊಬೈಲಿನಲ್ಲಿ ಕಂಡ ಜೋಳದ ತೆನೆ ಎಲ್ಲೂ ಇರಲಿಲ್ಲ. ಆಕಾಶದಲ್ಲಿ ದೀಪಗಳದೊಂದು ಸಣ್ಣ ಪಟ್ಟಿ ನಿಂತಿತ್ತು, ಅಷ್ಟೆ. ತುಸು ಹೊತ್ತಿನ ಮೇಲೆ ಅವನಿಗೆ ಅರ್ಥವಾಯಿತು. ಚಿತ್ರವನ್ನು ಎದುರಿನವರಿಗೆಂದು ಬರೆದಿದ್ದರು. ಇವರು ಕೂತದ್ದು ಪಕ್ಕದಲ್ಲಿ. ಗೋಡೆಗೆ ತೂಗುಹಾಕಿದ ಫೋಟೋವನ್ನು ಗೋಡೆಗೆ ಕಿವಿ ಹಚ್ಚಿ ನೋಡಿದ ಹಾಗೆ ಆಗಿತ್ತು.

"ಜೋಳದ ತೆನಿ ಅದು" ಎಂದು ಶುರುಮಾಡಿದ. "ತುಂಬಿದ ತೆನಿ, ಹಾಲುಗಾಳು, ಬೆಳ್ಳಗ ಮುತ್ತು ಜೋಡಿಸಿದಂಗ..."

"ನಿಮಗ ಕಾಣಾಕತ್ತೈತೇನು?"

"ಇಲ್ಲ. ನಿನ್ನಿ ಮೊಬೈಲದಾಗ ನೋಡೀನಿ."

"ಹಂಗಾರ ಬ್ಯಾಡ. ಇಲ್ಲಿಂದ ಏನು ಕಾಣ್ತೈತಿ, ಅದನ್ನ ಹೇಳ್ರಿ."

ಮರ್ದಾನಸಾಬ ಮತ್ತೆ ತಲೆ ಎತ್ತಿದ. ಈಗ ಮೊದಲು ನೋಡಬೇಕಾಯಿತು. ಸ್ವಲ್ಪ ಹೊತ್ತು ನೋಡಿ, ನಿಧಾನವಾಗಿ ಹೇಳಿದ: "ಒಂದು ಹಗ್ಗ ಇಳಿಬಿಟ್ಟಂಗ ಐತಿ. ಕೆಳಗ ದಪ್ಪ, ಮ್ಯಾಲೆ ಸಣ್ಣ. ಒಂದು ದೀಪ ತಪ್ಪಿ ಆಚಿಗೆ ನಿಂತೈತಿ... ಈಗ ಬಂದು ಕೂಡಕೊಂತು. ಈಗ ಹಗ್ಗ ಬಿಚ್ಚಾಕತ್ತೈತಿ ನೋಡು. ಎಳಿ ಎಳಿ ಆಗಿ ಹರಡಾಕತ್ತಾವು. ಮಷೀನ್ದಾಗಿಂದ ಅಳ್ಳಿ ಹಾರತೈತಲ್ಲ, ಹಂಗ."

"ಹೌದ ನೋಡ್ರಿ, ಹಂಗ ಐತಿ" ಎಂದಳು ಗೌಸಬಿ.

ಹಿಂದಿನ ಹಲಗೆಯಿಂದ ಯಾರೋ, "ಜರಾ ಜೋರ ಹೇಳ್ರಿ ಅಣ್ಣಾರ, ನಮಗೂ ಕೇಳಲಿ" ಎಂದರು. ಅವನು ದನಿ ಏರಿಸಲಿಲ್ಲ. ಶೋ ನಡೆಯುವಾಗ ಮಾತಾಡುವುದಿಲ್ಲವೆಂದು ಒಪ್ಪಿಕೊಂಡಿದ್ದ. ಹೆಂಗಸರೇ ಹಲಗೆ ಇಳಿದು ಹಗ್ಗದ ಹತ್ತಿರ ಸರಿದು ಕೂತರು. ಆಮೇಲೆ ಅವರೂ ಸೇರಿಕೊಂಡರು. ರತ್ನವ್ವನಿಗೆ ಅದು ಮಗ್ಗದಲ್ಲಿ ಲಾಳಿ ಓಡಿದಂತೆ ಕಂಡಿತು. ಒಂದು ಪುಟ್ಟ ಹುಡುಗಿಗೆ ಇರುವೆ ಸಾಲು. ಬಹುಮಾನದ ಕಪ್ಪು ಬಂದಾಗ ಅದು ಯಾವ ಬದಿಯಿಂದ ನೋಡಿದರೂ ಕಪ್ಪಿನಂತೆಯೇ ಇದ್ದುದರಿಂದ ಎಲ್ಲರೂ ಒಮ್ಮತದಿಂದ ಕಪ್ಪೆಂದು ಒಪ್ಪಿದರು.

ಕೊನೆಗೆ ದೀಪಗಳೆಲ್ಲ ಹಳದಿಯಾಗಿ ಒತ್ತೊತ್ತಾಗಿ ಸೇರಿದವು. ಎದುರಿನ ಸಾಲಿನವರು ಎದ್ದು ನಿಂತು ಕೂಗಿದರು. "ಆಟಗಾರ ಬಂದಿರಬೇಕು" ಎಂದ ಮರ್ದಾನಸಾಬ, "ನಮಗ ಮಾತ್ರ ಒಂದು ಕೋಲು ಕಾಣಾಕತ್ತೈತಿ." ಅವನು ಹೇಳುತ್ತಿದ್ದಂತೆ ಆ ಕೋಲು ಅಗಲವಾಗತೊಡಗಿತು. ಚಿತ್ರ ಇದ್ದಲ್ಲಿಯೇ ಮೆಲ್ಲಗೆ ತಿರುಗುತ್ತಿತ್ತು. ಮೊದಲು ಒಂದು ತೋಳು ಕಂಡಿತು, ಆಮೇಲೆ ಬಾಗಿದ ಬೆನ್ನು, ಮುಂದಿಟ್ಟ ಕಾಲು. ಮರ್ದಾನಸಾಬ ಮಾತು ನಿಲ್ಲಿಸಿದ. ಇಡೀ ಆಟಗಾರ, ಕೈ ಚಾಚಿಕೊಂಡು, ಅವರ ಕಡೆಗೇ ಮುಖ ಮಾಡಿ ಆಕಾಶದಲ್ಲಿ ನಿಂತ. ಹೆಂಗಸರ ಗ್ಯಾಲರಿಯಿಂದ ಎದ್ದ ಕೂಗಿಗೆ ಮಲಗಿದ್ದ ಮಕ್ಕಳೆಲ್ಲ ಎಚ್ಚರವಾದವು. ಒಂದೆರಡು ಉಸಿರಿನಷ್ಟು ಹೊತ್ತು ನಿಂತು, ಅವನು ಮತ್ತೆ ತೆಳ್ಳಗಾಗಿ ಅತ್ತ ತಿರುಗಿದ.

ಗೌಸಬಿ ಹಗ್ಗದ ಮೇಲೆ ಕೈಯಿಟ್ಟು ನಿಂತಿದ್ದಳು. "ಇವನ ಕಾಲು ಮಾತ್ರ ದಪ್ಪ ಅದಾವು ನೋಡ್ರಿ" ಎಂದಳು. ಮರ್ದಾನಸಾಬ ಎರಡು ದಿನದಲ್ಲಿ ಮೊದಲ ಸಲ ನಕ್ಕ.

ಫೈನಲ್ ಶುರುವಾಯಿತು. ಅವನು ಮೇಜಿಗೆ ಹೋಗಿ ಮೈಕು ಎತ್ತಿಕೊಂಡ. ಮೊದಲ ರೇಡಿನಲ್ಲಿ ಸೊರಟೂರಿನ ಹುಡುಗ ಬಂದಾಗ, ಅವನ ಹೆಸರೇ ಹೇಳಿದ: "ಸೊರಟೂರಿನ ಕಿಶೋರ ಬರಾಕತ್ತಾನ. ಮೊಣಕಾಲು ಬಾತೈತಿ, ಎಡಗಾಲು ಎಳದು ಹಾಕಾಕತ್ತಾನ. ಆಚಿ ಕಡೆ ಏಳು ಮಂದಿ ನಿಂತಾರ, ಕೈ ಕೈ ಹಿಡಕೊಂಡಾರ." ಗಂಡಸರ ಕಡೆಯಿಂದ ಒಬ್ಬ, "ಮರ್ದಾನಣ್ಣ, ನಿದ್ದಿ ಬಂತೇನೋ? ಗೂಳಿ ಎಲ್ಲಿ ಹೋತು?" ಎಂದು ಕೂಗಿದ. ಜನ ನಕ್ಕರು. ಮರ್ದಾನಸಾಬನೂ ನಕ್ಕು, "ಗೂಳಿ ಮೇವು ತಿನ್ನಾಕ ಹೋಗೈತಿ, ಬರತೈತಿ ತಡೀರಿ" ಎಂದ. ರೂಢಿ ಒಂದೇ ಸಂಜೆಗೆ ಬಿಡುವಂಥದ್ದಲ್ಲ. ದ್ವಿತೀಯಾರ್ಧದಲ್ಲಿ ಗೂಳಿ ಎರಡು ಸಲ ಗುಟುರು ಹಾಕಿತು. ಆದರೆ ಹುಡುಗ ಬಿದ್ದಾಗ ಬಿದ್ದ ಎಂದೇ ಹೇಳಿದ. ನಡುನಡುವೆ ಹೆಂಗಸರ ಕಡೆ ತಿರುಗಿ, ಮುಟ್ಟಿಸಿಕೊಂಡವರು ಯಾಕೆ ಹೊರಗೆ ಕೂರುತ್ತಾರೆ, ಬೋನಸ್ ಸಿಗಲು ಗೆರೆ ದಾಟುವಾಗ ಹಿಂದಿನ ಕಾಲು ಯಾಕೆ ನೆಲ ಬಿಟ್ಟಿರಬೇಕು ಎಂದು ಬಿಡಿಸಿ ಹೇಳಿದ. ಹಾಗೆ ಹೇಳಿದ್ದು ಅದೇ ಮೊದಲು. ಸೊರಟೂರು ಸೋತಿತು. ಕಿಶೋರ ಕುಂಟುತ್ತ ಹೊರಬಂದಾಗ ಅವನಿಗೆ ಚಪ್ಪಾಳೆ ಜೋರಾಗಿ ಬಂದದ್ದು ಹೆಂಗಸರ ಕಡೆಯಿಂದ.

ಮರುದಿನ ನಂದೀಶ ಆಟಗಾರರಿಗೆಂದು ಒಯ್ದಿದ್ದ ಬಾಡಿಗೆ ಗಾದಿ ಎಣಿಸಿಕೊಡಲು ಬಂದಾಗ, "ಡ್ರೋನ್ ಚಂದ ಆತಲ್ಲ ಕಾಕಾ?" ಎಂದು ಕೇಳಿದ.

"ಮಸ್ತ ಆತು. ಆದ್ರ ಹೆಣ್ಣಮಕ್ಕಳನ್ನ ಬದಿಗೆ ಕುಂದರಿಸಿದ್ರಿ. ಅವರಿಗೆ ಬರೇ ದೀಪದ ಮಗ್ಗಲು ಕಂಡ್ತು. ಮುಂದಿನ ವರ್ಷ ಅವರನ್ನ ಎದುರಿಗೆ ಕುಂದರಸ್ರಿ."

"ಮುಂದಿನ ವರ್ಷ ಡ್ರೋನ್ ತರಸೂದು ಕಠಿಣ ಐತ್ರಿ ಕಾಕಾ. ದಾನಿಗಳು ಒಂದ ಸಲ ಅಂದಾರ."

"ಡ್ರೋನ್ ಬರ್ಲಿ ಬಿಡ್ಲಿ. ಆಟ ಇರತೈತಲ್ಲ."

ನಂದೀಶ ತಲೆ ಕೆರೆದುಕೊಂಡು, ಕಮಿಟಿಯಲ್ಲಿ ಕೇಳುತ್ತೇನೆಂದ. ಕೇಳಿದ್ದು ಹೌದು. ಮರುವರ್ಷ ಡ್ರೋನ್ ಬರಲಿಲ್ಲ. ಬಿದಿರಿನ ಗ್ಯಾಲರಿ ಮಾತ್ರ ಅತಿಥಿಗಳ ಸಾಲಿನ ಪಕ್ಕಕ್ಕೆ, ಮ್ಯಾಟಿನ ನೇರ ಎದುರಿಗೆ ಬಂತು. ಡ್ರೋನ್ ಇಲ್ಲವೆಂದು ಹಲವರು ಮನೆಯಲ್ಲೇ ಉಳಿದರು, ಆಟ ನೋಡಲೆಂದು ಹಲವರು ಬಂದರು. ಗೌಸಬಿ ಬಂದಳು. ಅಂದು ಮನೆಗೆ ನಡೆಯುವಾಗ, ಶಿರಹಟ್ಟಿಯವರಿಗೆ ಕೊಟ್ಟ ಒಂದು ಬೋನಸ್ ಪಾಯಿಂಟು ಸರಿಯಲ್ಲ, ಹುಡುಗನ ಹಿಂದಿನ ಕಾಲು ಎದ್ದೇ ಇರಲಿಲ್ಲ ಎಂದು ಅವಳು ದಾರಿಯುದ್ದಕ್ಕೂ ವಾದ ಹೂಡಿದಳು. ಎದ್ದಿತ್ತು ಎಂದ ಮರ್ದಾನಸಾಬ. ಓಣಿಯ ತಿರುವಿಗೆ ಬಂದರೂ ಅದು ಬಗೆಹರಿದಿರಲಿಲ್ಲ.